ಅರಳುಮರಳೂ ಸ್ಮೃತಿಭ್ರಂಶವೂ

ಅರವತ್ತಕ್ಕೆ ಅರಳುಮರಳೆಂಬ ಗಾದೆಯು ಕನ್ನಡನಾಡಿನಲ್ಲೆಲ್ಲ ಪ್ರಸಿದ್ಧವಾದುದು. ವಾರ್ಧಕವೂ ಸ್ಮೃತಿನಾಶವೂ ನಿಯತಸಹಚಾರಿಗಳೆಂಬುದೇ ಇದರ ತಾತ್ಪರ್ಯ. ಈ ವ್ಯಾಪ್ತಿಯು ಸಾಧುವೇ ಎಂಬುದನ್ನು ಮಿದುಳುಶಾಸ್ತ್ರಜ್ಞೆ ವಿಜಯಲಕ್ಷ್ಮೀ ರವೀಂದ್ರನಾಥರ ಸಂಶೋಧನೆಗಳನ್ನು ಮುಂದಿಟ್ಟುಕೊಂಡು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಇವರು 1981ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಔಷಧಗಳು ಮಿದುಳಿನೊಳಗೆ ಪರಿಣಾಮ ಹೊಂದುವ ಕ್ರಮವನ್ನು ಶೋಧಿಸಿದರು. 1996ರಲ್ಲಿ ಭಟ್ನಾಗರ್ ಪ್ರಶಸ್ತಿಯು ಇವರಿಗೆ ಸಂದಿತು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರಕ್ಕೂ, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರಕ್ಕೂ ಸ್ಥಾಪಕ ನಿರ್ದೇಶಕಿಯಾದರು.

2012ರಲ್ಲಿ ಇವರೂ ಸಹೋದ್ಯೋಗಿಗಳೂ ಅಶ್ವಗಂಧದ ಸಾರವು ಇಲಿಗಳಲ್ಲಿ ಅಲ್ಝೈಮರ್ ರೋಗದ ಲಕ್ಷಣಗಳನ್ನು ಹಿಮ್ಮೆಟ್ಟಿಸಿತೆಂದೂ, ಅದು ಯಕೃತ್ತಿನ ಮೂಲಕ ಕಾರ್ಯಮಾಡಿತೆಂದೂ ಪ್ರಕಟಿಸಿದರು. ಆಯುರ್ವೇದಾಭಿಮಾನಿಗಳು ಇದರಿಂದ ಹಿಗ್ಗುವುದು ಸಹಜ. ಆದರೆ ಮೂಷಿಕದಲ್ಲಿ ಸಿದ್ಧವಾದುದು ಮನುಷ್ಯನಲ್ಲಿಯೂ ಸಿದ್ಧವೆಂದರೆ ಅದು ಅತಿವ್ಯಾಪ್ತಿಯೇ ಸರಿ.

ಇದಕ್ಕಿಂತಲೂ ಮಹತ್ತಾದುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಗ್ರಾಮಗಳಲ್ಲಿ ಕೈಗೊಂಡ ದೀರ್ಘಕಾಲಿಕ ಅಧ್ಯಯನ. ನಲವತ್ತೈದು ವರ್ಷ ಮೀರಿದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು, ಮರಳಿಮರಳಿ ಪರೀಕ್ಷಿಸುತ್ತ ಹೋಗುವುದು ಇದರ ಸಂಕಲ್ಪ. ರೋಗವು ಬಂದ ಮೇಲೆ ರೋಗಿಯನ್ನು ನೋಡುವುದು ವೈದ್ಯವೃತ್ತಿ. ರೋಗವು ಬರುವ ಮುನ್ನ ಆರೋಗ್ಯವಂತನನ್ನು ನೋಡುತ್ತಿರುವುದು ಇಲ್ಲಿನ ವಿಶೇಷ. ಸ್ವಸ್ಥವಾರ್ಧಕದ ಸ್ವರೂಪವನ್ನು ತಿಳಿಯದೆ ವಿಕಾರವನ್ನು ನಿರ್ಣಯಿಸುವುದೆಂತು? 2023ರಲ್ಲಿ ಪ್ರಕಟವಾದ ಬೇರೊಂದು ಅಖಿಲಭಾರತ ಅಧ್ಯಯನದ ಅಂದಾಜಿನಂತೆ, ಅರವತ್ತು ಮೀರಿದವರಲ್ಲಿ ಡಿಮೆನ್ಷಿಯಾ ಉಳ್ಳವರು ನೂರಕ್ಕೆ 7.4 ಮಾತ್ರ. ಅಲ್ಲಿಗೆ ಗಾದೆಯ ವ್ಯಾಪ್ತಿಯು ಭಗ್ನವಾಯಿತು.

ಗಾದೆಯಿಂದಾಗುವ ಅನರ್ಥವಾದರೋ ಅಲ್ಪವಲ್ಲ. ಮುದುಕನು ಬೆಳಗ್ಗೆ ಉಂಡುದನ್ನು ಮರೆತರೆ ಮನೆಯವರು ಅರಳುಮರಳೆಂದು ಸುಮ್ಮನಿರುವರು. ಅವನೇ ತಾಳಮದ್ದಳೆಯ ಪ್ರಸಂಗವನ್ನು ಬಾಯಿಪಾಠವಾಗಿ ಒಪ್ಪಿಸಿದರೆ ರೋಗವೇ ಇಲ್ಲವೆನ್ನುವರು. ಎರಡೂ ತಪ್ಪು. ಅಲ್ಝೈಮರ್ ರೋಗದಲ್ಲಿ ಹೊಸ ಸ್ಮೃತಿಯು ಮೊದಲು ಕುಂದುವುದು, ಹಳೆಯದು ಬಹುಕಾಲ ನಿಲ್ಲುವುದು. ಅನುಭೂತವಿಷಯವು ಜಾರದಿರುವುದೇ ಸ್ಮೃತಿಯೆಂದು ಪತಂಜಲಿಯು ಹೇಳಿದ ಲಕ್ಷಣಕ್ಕೆ ಇಂತಹ ಅವಾಂತರಭೇದಗಳನ್ನು ಸೇರಿಸಿಕೊಳ್ಳಬೇಕಾಗಿದೆ.

ಇನ್ನು ಪರೀಕ್ಷೆಯ ಭಾಷೆಯನ್ನು ಕುರಿತು ಒಂದು ಮಾತು. ಅಮೆರಿಕದಲ್ಲಿ 1975ರಲ್ಲಿ ರಚಿತವಾದ ಪ್ರಸಿದ್ಧ ಪ್ರಶ್ನಾವಳಿಯು ರೋಗಿಯನ್ನು ಒಂದು ವಾಕ್ಯ ಬರೆಯೆನ್ನುತ್ತದೆ. ಅಕ್ಷರವನ್ನರಿಯದವನು ಇಲ್ಲಿ ರೋಗಿಯೆನಿಸುವ ಅಪಾಯವುಂಟು. ಹರಿಯಾಣದ ಬಲ್ಲಭಗಢದ ನಿರಕ್ಷರರಿಗಾಗಿ ಅದನ್ನು ಹಿಂದಿಯಲ್ಲಿ ಮಾರ್ಪಡಿಸಿದುದು 1995ರಲ್ಲಿ ಪ್ರಕಟವಾಯಿತು. ಭಾಷೆಯು ಪರೀಕ್ಷೆಯ ಉಪಕರಣವಷ್ಟೇ ಅಲ್ಲವೆಂಬುದನ್ನು ಸುವರ್ಣಾ ಅಲ್ಲಾಡಿಯವರೂ ಸಂಗಡಿಗರೂ 2013ರಲ್ಲಿ ತೋರಿಸಿದರು: ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳಲ್ಲಿ, ಎರಡು ಭಾಷೆ ಬಲ್ಲವರಿಗೆ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು.

ಆದುದರಿಂದ ಶ್ರೀನಿವಾಸಪುರದ ಫಲಗಳನ್ನು ಎಲ್ಲ ಸೀಮೆಗೂ ಹಾಗೆಯೇ ಅನ್ವಯಿಸಲಾಗದು. ನಮ್ಮ ಬಂಟವಾಳ ತಾಲ್ಲೂಕಿನ ಕನ್ಯಾನದಂತಹ ಗಡಿಗ್ರಾಮದಲ್ಲಿ ಮನೆಯ ಮಾತು ತುಳು, ಶಾಲೆಯ ಮಾತು ಕನ್ನಡ, ನೆರೆಯ ಮಾತು ಮಲಯಾಳ. ಇಲ್ಲಿನ ವೃದ್ಧೆಯ ಸ್ಮೃತಿಯನ್ನು ಅವಳು ಕನಸು ಕಾಣುವ ಭಾಷೆಯಲ್ಲಿಯೇ ಪರೀಕ್ಷಿಸತಕ್ಕದ್ದು. ಆ ಪದಾವಳಿಯನ್ನು ಸಿದ್ಧಪಡಿಸುವುದು ವೈದ್ಯರೊಬ್ಬರಿಂದಾಗುವ ಕೆಲಸವಲ್ಲ. ಅದು ಭಾಷಾವಿದ್ವಾಂಸರ ಋಣವೂ ಹೌದು.