ನಾಡಿ ಹಿಡಿದ ಕೊರವಂಜಿ

ಮಹಾಯುದ್ಧದ ದೆಸೆಯಿಂದ ಕಾಗದವೂ ಸೀಮೆಎಣ್ಣೆಯೂ ದುರ್ಲಭವಾಗಿದ್ದ 1942ರಲ್ಲಿ, ದೇಶವೆಲ್ಲ ಚಳವಳಿಯಿಂದ ಕುದಿಯುತ್ತಿರಲು, ಬೆಂಗಳೂರಿನಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಡಾಕ್ಟರ್ ಎಂ. ಶಿವರಾಂ ಅವರು ಹಾಸ್ಯಕ್ಕೆಂದೇ ಮೀಸಲಾದ ಮಾಸಪತ್ರಿಕೆಯೊಂದನ್ನು ಹೊರಡಿಸಿದರೆಂಬುದು ತಾನೇ ಒಂದು ವಿನೋದಪ್ರಸಂಗದಂತೆ ತೋರೀತು. ಆದರೆ ಆ ‘ಕೊರವಂಜಿ’ 1967ರವರೆಗೂ ಬಾಳಿತು. ‘ರಾಶಿ’ ಎಂಬ ಅಂಕಿತದಿಂದ ಬರೆದ ಈ ವೈದ್ಯರಿಗೆ ಪತ್ರಿಕೆಯ ಆ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆ. ಕಂಕುಳಲ್ಲಿ ಬುಟ್ಟಿಯನ್ನಿರಿಸಿಕೊಂಡು ಬಾಗಿಲಿಗೆ ಬರುವ ಕೊರವಂಜಿ, ಎಂದರೆ ಕಣಿಯವಳು, ಮನೆಯೊಡತಿಯ ಅಂಗೈಯನ್ನು ಹಿಡಿದು ರೇಖೆ ನೋಡುವಂತೆ ನಟಿಸಿದರೂ ಅವಳ ದೃಷ್ಟಿಯೆಲ್ಲ ಒಡತಿಯ ಮುಖದ ಮೇಲೆಯೇ ನೆಟ್ಟಿರುತ್ತದೆ. ನಾಡಿ ಹಿಡಿದು ಕುಳಿತ ವೈದ್ಯನೂ ರೋಗಿಯು ನುಡಿಯದೆ ಉಳಿಸಿಕೊಂಡುದನ್ನು ಅಲ್ಲಿಯೇ ಓದುತ್ತಾನೆ.

ರಾಶಿಯವರ ಬರಹದ ಸತ್ತ್ವವಿರುವುದು ಈ ನೋಟದಲ್ಲಿ. ಮನುಷ್ಯನು ತನ್ನ ಅಂಜಿಕೆಗೆ ವಿವೇಕವೆಂದೂ ಜಿಪುಣತನಕ್ಕೆ ಮಿತವ್ಯಯವೆಂದೂ ಹೆಸರಿಟ್ಟುಕೊಳ್ಳುವ ಗಳಿಗೆಯನ್ನು ಅವರು ಹಿಡಿಯುತ್ತಾರೆ, ಆದರೆ ಗದರಿಸುವುದಿಲ್ಲ. ಸಿಕ್ಕಿಬಿದ್ದವನೂ ಕೂಡಿ ನಗುವಷ್ಟು ಎಡೆಯನ್ನು ಬಿಡುತ್ತಾರೆ. ಮನೋರೋಗಗಳನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು, ವಿನೋದಗಾರನು ವಯಸ್ಸಾದ ಮೇಲೆ ಗಂಭೀರನಾದನೆಂದು ಇದರಿಂದ ಬಗೆಯಬೇಕಾಗಿಲ್ಲ, ಏಕೆಂದರೆ ಎರಡು ಕಡೆಯೂ ಕೆಲಸ ಮಾಡಿರುವುದು ಒಂದೇ ಕಣ್ಣು. ಆಯಾ ತಿಂಗಳ ಸುದ್ದಿಗೆ ಅಂಟಿಕೊಂಡ ಲೇಖನಗಳು ಮಾತ್ರ ಈಗ ಬಣ್ಣಗೆಟ್ಟಿವೆ. ಶಬ್ದಶ್ಲೇಷೆಯ ಮೋಹವೂ ಕೆಲವೆಡೆ ಮಿತಿಮೀರುತ್ತದೆ.

ಸಂಪಾದಕರಾಗಿ ಅವರು ಇನ್ನೂ ದೊಡ್ಡವರೆಂಬುದು ನನ್ನ ಅಭಿಪ್ರಾಯ. ಮಲೆಯಾಳ ಮನೆಮಾತಿನ ನಾ. ಕಸ್ತೂರಿಯವರ ಕುಚೋದ್ಯಕ್ಕೂ, ಮೈಸೂರಿನ ತರುಣ ಆರ್.ಕೆ. ಲಕ್ಷ್ಮಣರ ರೇಖೆಗಳಿಗೂ ಅವರ ಪತ್ರಿಕೆಯಲ್ಲಿ ಧಾರಾಳವಾದ ಸ್ಥಳವಿತ್ತು. ಹೆಂಡತಿಯೆಂದರೆ ನಗೆಬರಹಕ್ಕೆ ಸಿದ್ಧವಸ್ತುವೆಂದು ಗಂಡಸರೆಲ್ಲ ನಂಬಿದ್ದ ದಿನಗಳಲ್ಲಿ ಟಿ. ಸುನಂದಮ್ಮನವರು ಅಲ್ಲಿಯೇ ಬರೆದು, ಅದೇ ಸಂಸಾರವನ್ನು ಅಡುಗೆಮನೆಯ ಕಡೆಯಿಂದ ತೋರಿದರು. ಕನ್ನಡ ಹಾಸ್ಯಕ್ಕೆ ಅದು ಅಲ್ಪವಾದ ಲಾಭವಲ್ಲ.

ಇಷ್ಟಾದರೂ ಈ ನಗೆಯ ಎಲ್ಲೆ ಬಹುಮಟ್ಟಿಗೆ ಪಟ್ಟಣದ ಮಧ್ಯಮವರ್ಗದ ಜಗಲಿಯಲ್ಲಿಯೇ ನಿಂತಿತೆನ್ನದೆ ವಿಧಿಯಿಲ್ಲ. ಗುಮಾಸ್ತೆ, ಮೇಷ್ಟ್ರು, ಅಧಿಕಾರಿ, ಅವರ ಅತ್ತೆಮಾವಂದಿರು ಇಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತಾರೋ, ಒಕ್ಕಲಮಗನೂ ಕೂಲಿಯವನೂ ಅಷ್ಟೇ ವಿರಳ. ಎಲ್ಲರ ಕಣಿಯನ್ನೂ ಹೇಳಿದ ಆ ಪತ್ರಿಕೆಯು, ತಾನು ಯಾರ ಹೆಸರನ್ನು ಹೊತ್ತಿತ್ತೋ ಆ ಊರೂರು ಅಲೆವ ಹೆಂಗಸಿನ ಅಂಗೈಯನ್ನು ನೋಡುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ.