ಎರಡು ಮತ್ತು ಇಬ್ಬರು: ಸಂಖ್ಯಾಪದ ಕಲಿಕೆಯ ಒಂದು ಸಿದ್ಧಾಂತವನ್ನು ಕುರಿತು

ಎಣಿಸಬಲ್ಲ ಮಗುವಿಗೆ ಎಣಿಕೆಯ ಅರ್ಥವೂ ತಿಳಿದಿರುತ್ತದೆಂಬ ನಂಬಿಕೆಯನ್ನು ಕ್ಯಾರನ್ ವಿನ್ ಅವರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳು ಅಲುಗಿಸಿದವು. ಬಾಯಿಪಾಠವಾಗಿ ಎಣಿಸುವ ಎರಡೂವರೆ, ಮೂರು ವರ್ಷದ ಮಕ್ಕಳಲ್ಲಿ ಹಲವರು, ಇಷ್ಟು ಆಟಿಕೆ ಕೊಡೆಂದರೆ ಕೈಗೆ ಸಿಕ್ಕಷ್ಟನ್ನು ಬಾಚಿ ಕೊಟ್ಟರು. ಸೂಸನ್ ಕೇರಿಯವರ 'ದಿ ಒರಿಜಿನ್ ಆಫ್ ಕಾನ್ಸೆಪ್ಟ್ಸ್' (2009) ಈ ಅಂತರವನ್ನು ವಿವರಿಸಲು ಯತ್ನಿಸುತ್ತದೆ. ಮಗು ಮೊದಲು ಸಂಖ್ಯಾಪದಗಳನ್ನು ಅರ್ಥವಿಲ್ಲದ ಸರಣಿಯಾಗಿ ಕಲಿಯುತ್ತದೆ. ಒಂದು, ಎರಡು, ಮೂರರ ಅರ್ಥ ತಿಂಗಳುಗಳ ಅಂತರದಲ್ಲಿ ಒಂದೊಂದಾಗಿ ದಕ್ಕುತ್ತದೆ. ಸರಣಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಗುಂಪಿಗೆ ಒಂದು ವಸ್ತು ಕೂಡುತ್ತದೆಂಬ ಹೊಳಹಿನಿಂದ ಉಳಿದ ಪದಗಳು ಅರ್ಥ ಪಡೆಯುತ್ತವೆ.

ವಿವರಣೆ ಸೊಗಸಾಗಿದೆ. ಆದರೆ ಅದು ಊಹಿಸಿಕೊಂಡಿರುವ ಸರಣಿ ಒಂದೇ. ಕನ್ನಡದಲ್ಲಿ ಆಟಿಕೆಗಳು ಎರಡು, ಅಕ್ಕಂದಿರು ಇಬ್ಬರು. ಮೂವರು, ನಾಲ್ವರು, ಐವರು ಎಂದು ಮುಂದುವರಿಯುವ ಈ ಮಾನವವಾಚಿ ರೂಪಗಳು ಇಂದಿನ ಬಳಕೆಯಲ್ಲಿ ಆರಕ್ಕೆ ಬರುವಷ್ಟರಲ್ಲಿ 'ಆರು ಮಂದಿ'ಗೆ ಎಡೆಗೊಡುತ್ತವೆ. ಆಡುಮಾತಿನಲ್ಲಿ 'ಮೂರು ಜನ' ಎಂಬುದೂ ಸಾಮಾನ್ಯವೇ. ಆದರೆ 'ಇಬ್ಬರು' ಸುಲಭವಾಗಿ ಜಾಗ ಬಿಟ್ಟುಕೊಡುವ ಪದವಲ್ಲ.

ನಮ್ಮ ಮುಖ್ಯ ಆಕ್ಷೇಪ ಇಲ್ಲಿದೆ. 'ಇಬ್ಬರು' ಎಂಬುದು ಎಣಿಸುವ ಪದವೇ ಅಲ್ಲ. ಎದುರಿಗೆ ಕುಳಿತವರನ್ನು ಬೆರಳಿಟ್ಟು ಎಣಿಸುವಾಗಲೂ ನಾವು ಒಂದು, ಎರಡು ಎಂದೇ ಎಣಿಸಿ, ಕೊನೆಗೆ 'ಇಬ್ಬರು' ಎನ್ನುತ್ತೇವೆ. ಎಣಿಕೆಯ ಕೊನೆಯ ಪದವೇ ಗುಂಪಿನ ಮೊತ್ತವೆಂದು ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲಿ ನಿರೂಪಿಸಿದ ತತ್ತ್ವ ಇಲ್ಲಿ ಅಕ್ಷರಶಃ ನಿಲ್ಲದು. ಉತ್ತರವು ಎಣಿಕೆಯಲ್ಲಿ ಬಾಯಿಗೆ ಬಾರದ ಪದ. ಕೊನೆಯ ಪದವನ್ನು ಗಿಳಿಯಂತೆ ಮರುನುಡಿಯುವ ಮಗು 'ಎರಡು' ಎಂದೀತು. 'ಇಬ್ಬರು' ಎಂದ ಮಗು ಬರಿಯ ಮರುನುಡಿಗಿಂತ ಹೆಚ್ಚಿನದೇನನ್ನೋ ಮಾಡಿದೆ. ಸರಣಿಯಲ್ಲಿ ಸ್ಥಾನವೇ ಇಲ್ಲದ ಪದಕ್ಕೆ ಅರ್ಥ ಬರುವುದು ಹೇಗೆಂಬುದನ್ನು ಕೇರಿಯವರ ಹೆಜ್ಜೆಯ ಉಪಮೆ ಹೇಳುವುದಿಲ್ಲ.

ಭಾಷಾರಚನೆಯ ಪಾತ್ರ ಈ ಕ್ಷೇತ್ರಕ್ಕೆ ಅಪರಿಚಿತವೇನಲ್ಲ. ದ್ವಿವಚನವುಳ್ಳ ಸ್ಲೊವೇನಿಯನ್ ಮತ್ತು ಸೌದಿ ಅರಬ್ಬಿ ಭಾಷೆಗಳ ಮಕ್ಕಳು 'ಎರಡ'ರ ಅರ್ಥವನ್ನು ಇಂಗ್ಲಿಷಿನ ಮಕ್ಕಳಿಗಿಂತ ಬೇಗ ಹಿಡಿಯುತ್ತಾರೆಂದು 2013ರ ಅಧ್ಯಯನವೊಂದು ತೋರಿಸಿತು. ಆದರೂ ಆಟಿಕೆಗಳನ್ನಷ್ಟೇ ಮುಂದಿಡುವ ಪರೀಕ್ಷೆ ಕನ್ನಡದ ಮಗುವಿನ ಅರ್ಧ ತಿಳಿವಳಿಕೆಯನ್ನು ಮುಟ್ಟುವುದೇ ಇಲ್ಲ.

ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ಅನುಕೂಲವಿದೆ. ಹೈದರಾಬಾದಿನ ಕನ್ನಡ ಮಗು ಸುತ್ತಲಿನ ತೆಲುಗಿನಲ್ಲಿ 'ಇದ್ದರು', 'ಮುಗ್ಗುರು'ಗಳ ಜೊತೆಗೆ ಐದರಾಚೆಯ 'ಆರುಗುರು' ಎಂಬುದನ್ನೂ ಕೇಳುತ್ತದೆ. ಪುಣೆಯ ಮಗು ಮರಾಠಿಯಲ್ಲಿ ಲಿಂಗಭೇದವುಳ್ಳ 'ದೋಘೇ', 'ದೋಘೀ'ಗಳನ್ನು ಕೇಳುತ್ತದೆ. ದೆಹಲಿಯ ಮಗುವಿಗೆ ಹಿಂದಿಯಲ್ಲಿ ಆಟಿಕೆಗೂ ಅಕ್ಕಂದಿರಿಗೂ ಒಂದೇ 'ದೋ'. ಮನೆಯ 'ಇಬ್ಬರು' ಈ ಮೂರು ನೆರೆಗಳಲ್ಲಿ ಒಂದೇ ವಯಸ್ಸಿಗೆ ನೆಲೆಗೊಳ್ಳುತ್ತದೆಯೇ ಎಂಬುದನ್ನು, ಆಟಿಕೆಗಳ ಬದಲು ಮನೆಮಂದಿಯನ್ನೇ ಎಣಿಸಲು ಹೇಳಿ ಪರೀಕ್ಷಿಸಬಹುದು.