ಮಸೂರ ಕಂಡದ್ದು, ಕುಂಚ ಸೇರಿಸಿದ್ದು: ಪವಿತ್ರ ವಾಸ್ತುವಿನ ಆರಂಭಕಾಲದ ಛಾಯಾಚಿತ್ರಗಳ ಚಿತ್ರಿತ ಪ್ರತಿಗಳು

ದೇವಾಲಯ, ಚರ್ಚು, ಮಸೀದಿ, ವಿಹಾರ ಮೊದಲಾದ ಪವಿತ್ರ ವಾಸ್ತುಗಳ ಅಧ್ಯಯನದಲ್ಲಿ ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಗಳಿಗೆ ಮುಖ್ಯ ಆಕರದ ಸ್ಥಾನವಿದೆ. ಆದರೆ ಇಂದು ಗ್ರಂಥಾಲಯಗಳಲ್ಲಿ ಉಳಿದುಬಂದಿರುವ ಪ್ರತಿಗಳಲ್ಲಿ ಅನೇಕವು ಕೇವಲ ಮಸೂರದ ಸೃಷ್ಟಿಗಳಲ್ಲ. ಕೆಲವನ್ನು ಕುಶಲಕರ್ಮಿಗಳು ಕೈಯಿಂದ ಮತ್ತೆ ಚಿತ್ರಿಸಿದ್ದಾರೆ, ಕೆಲವನ್ನು ತಿದ್ದಿದ್ದಾರೆ, ಇನ್ನು ಕೆಲವಕ್ಕೆ ಬಣ್ಣ ತುಂಬಿದ್ದಾರೆ. ಇಂಥ ಪ್ರತಿಗಳನ್ನು ಕಲಬೆರಕೆಯೆಂದು ತಳ್ಳಿಹಾಕುವ ನಿಲುವು ಒಂದು. ಛಾಯಾಚಿತ್ರವೆಂಬ ಕಾರಣಕ್ಕೆ ಪೂರ್ಣವಾಗಿ ನಂಬುವ ನಿಲುವು ಇನ್ನೊಂದು. ಎರಡೂ ಅಸಮರ್ಪಕವಾದವು. ಕೈಯ ನೆರವು ಏಕೆ ಬೇಕಾಯಿತು, ಅದು ಚಿತ್ರದ ಯಾವ ಭಾಗವನ್ನು ಮುಟ್ಟಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ನಂತರವೇ ಇವುಗಳ ಪ್ರಾಮಾಣ್ಯವನ್ನು ನಿರ್ಧರಿಸಲು ಸಾಧ್ಯ.

ಮೊದಲ ನಿದರ್ಶನ ಅಥೆನ್ಸಿನದು. 1839ರಲ್ಲಿ ಪ್ರಕಟಗೊಂಡ ಡಗೇರ್ ವಿಧಾನದಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಒಂದೇ ಒಂದು ಚಿತ್ರ ಮೂಡುತ್ತಿತ್ತು. ಅದರಿಂದ ಪ್ರತಿ ತೆಗೆಯುವಂತಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಪಿಯರ್ ಗುಸ್ತಾವ್ ಜೋಲಿ ದ ಲೋಟ್ಬಿನಿಯೇರ್ ಪಾರ್ಥೆನಾನ್ ದೇಗುಲದ ಚಿತ್ರ ತೆಗೆದನು. ಪ್ಯಾರಿಸ್ಸಿನ ಲೆರೆಬೂರ್ 1840ರ ದಶಕದ ಆರಂಭದಲ್ಲಿ ಹೊರತಂದ 'ಎಕ್ಸ್‌ಕ್ಯುರ್ಸಿಯೋಂ ದಗೆರಿಯೆನ್' ಎಂಬ ಸಂಪುಟಗಳಿಗಾಗಿ ಆ ತಗಡಿನ ಚಿತ್ರವನ್ನು ಆಧರಿಸಿ ಅಕ್ವಾಟಿಂಟ್ ಫಲಕವನ್ನು ಕೈಯಿಂದ ಸಿದ್ಧಪಡಿಸಲಾಯಿತು. ಮೂಲ ತಗಡು ಇಂದು ಲಭ್ಯವಿಲ್ಲ. ಉಳಿದಿರುವುದು ಕೈಯಿಂದಾದ ಪ್ರತಿ ಮಾತ್ರ. 1687ರ ಸ್ಫೋಟದ ನಂತರ ಪಾಳುಗೋಡೆಗಳ ನಡುವೆ ಕಟ್ಟಲಾಗಿದ್ದ ಚಿಕ್ಕ ಮಸೀದಿ ಈ ಫಲಕದಲ್ಲಿ ಕಾಣುತ್ತದೆ. 1840ರ ದಶಕದಲ್ಲಿ ಆ ಮಸೀದಿಯನ್ನು ತೆಗೆದುಹಾಕಲಾಯಿತು. ಹೀಗೆ ಒಂದು ಪವಿತ್ರ ಕಟ್ಟಡದೊಳಗಿದ್ದ ಮತ್ತೊಂದು ಪವಿತ್ರ ಕಟ್ಟಡಕ್ಕೆ, ಮೂಲವನ್ನು ಕಳೆದುಕೊಂಡ ಈ ಪ್ರತಿಯೂ ಒಂದು ಸಾಕ್ಷಿಯಾಗಿದೆ. ಇದೇ ಮಾಲೆಯ ಅನೇಕ ಫಲಕಗಳಲ್ಲಿ ಮನುಷ್ಯರು, ಗಾಡಿಗಳು, ದೋಣಿಗಳು ಕಾಣಿಸಿಕೊಳ್ಳುತ್ತವೆ. ಇವು ಚಿತ್ರಕಾರರ ಸೇರ್ಪಡೆಗಳು. ದೀರ್ಘಕಾಲ ಬೆಳಕಿಗೆ ಒಡ್ಡಬೇಕಾಗಿದ್ದ ತಗಡಿನ ಮೇಲೆ ಚಲಿಸುವ ಯಾವುದೂ ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ಕಟ್ಟಡವು ಮಸೂರದ ಸಾಕ್ಷ್ಯ, ಜನರು ಕೈಯ ಕಲ್ಪನೆ. ಎರಡೂ ಒಂದೇ ಫಲಕದಲ್ಲಿವೆ.

ಕಾಗದದ ನೆಗೆಟಿವ್ ಬಂದ ಮೇಲೆ ಒಂದು ಚಿತ್ರದಿಂದ ಹಲವು ಪ್ರತಿಗಳನ್ನು ತೆಗೆಯುವುದು ಸಾಧ್ಯವಾಯಿತು. ಆದರೂ ಕುಂಚ ದೂರ ಸರಿಯಲಿಲ್ಲ. ಮದ್ರಾಸ್ ಸೈನ್ಯದ ಅಧಿಕಾರಿ ಲಿನ್ನೇಯಸ್ ಟ್ರೈಪ್ ಇದಕ್ಕೆ ಉತ್ತಮ ನಿದರ್ಶನ. ಆತನು 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ಹೊಯ್ಸಳ ದೇವಾಲಯಗಳ ಚಿತ್ರಗಳನ್ನು ತೆಗೆದನು. 1855ರಲ್ಲಿ ಬರ್ಮಾಕ್ಕೆ ಹೋದ ನಿಯೋಗದೊಡನೆ ಅಲ್ಲಿನ ಪಗೋಡಗಳನ್ನು ಚಿತ್ರಿಸಿದನು. 1858ರಲ್ಲಿ ಮಧುರೆ, ತಂಜಾವೂರು, ಶ್ರೀರಂಗಗಳ ದೇವಾಲಯಗಳನ್ನು ದಾಖಲಿಸಿದನು. ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನವನ್ನು ತೋರಿಸಲು 21 ಪ್ರತಿಗಳನ್ನು ಸಾಲಾಗಿ ಜೋಡಿಸಿದ ಈತನ ದಾಖಲೆನಿಷ್ಠೆ ಸಂಶಯಾತೀತವಾದುದು. ಅದೇ ವ್ಯಕ್ತಿ ನೆಗೆಟಿವ್‌ಗಳ ಮೇಲೆ ಬಣ್ಣ ಹಚ್ಚಿ ಮೋಡಗಳನ್ನೂ ಎಲೆಗಳ ಹೊಳಪನ್ನೂ ಮೂಡಿಸಿದನೆಂಬುದು ಗಮನಾರ್ಹ. ಅಂದಿನ ರಾಸಾಯನಿಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಬರಿದಾಗಿಯೂ ಹಸುರು ಕಪ್ಪಾಗಿಯೂ ಮೂಡುತ್ತಿದ್ದವು. ಆ ಕೊರತೆಯನ್ನು ಕುಂಚ ತುಂಬಿತು. ಪಾರ್ಥೆನಾನ್ ಮಾಲೆಯಲ್ಲಿ ಕಂಡಂತೆ ಇಲ್ಲಿಯೂ ಕೈ ಕೆಲಸ ಮಾಡಿರುವುದು ಮುಖ್ಯವಾಗಿ ಕಟ್ಟಡದ ಸುತ್ತಣ ಆವರಣದಲ್ಲಿ.

ಈ ಗಡಿಯನ್ನು ದಾಟಿದ್ದು ಬಣ್ಣ. ಜಪಾನಿನ ಯೋಕೊಹಾಮಾದಲ್ಲಿ 1863ರಿಂದ ನೆಲೆಸಿದ್ದ ಫೆಲಿಸ್ ಬೇಟೊ, ಸ್ಥಳೀಯ ಚಿತ್ರಕಾರರಿಂದ ಪ್ರತಿಗಳಿಗೆ ಜಲವರ್ಣ ಹಚ್ಚಿಸಿದನು. ಆತನ ಬಳಿ ವರ್ಣಕಾರನಾಗಿದ್ದ ಕುಸಕಾಬೆ ಕಿಂಬೆಯಿ ಮುಂದೆ ಸ್ವಂತ ಚಿತ್ರಶಾಲೆ ತೆರೆದು, ನಿಕ್ಕೊದ ತೋಶೋಗೂ ದೇಗುಲದಂಥ ಪವಿತ್ರ ಸ್ಥಳಗಳ ವರ್ಣಪ್ರತಿಗಳನ್ನು ಪ್ರವಾಸಿಗರಿಗೆ ಮಾರಿದನು. ಅಲ್ಲಿನ ಶಿಂಕ್ಯೊ ಎಂಬ ಕೆಂಪು ಮೆರುಗಿನ ಪವಿತ್ರ ಸೇತುವೆ 1902ರ ಪ್ರವಾಹದಲ್ಲಿ ಕೊಚ್ಚಿಹೋಗಿ 1904ರಲ್ಲಿ ಪುನರ್ನಿರ್ಮಾಣಗೊಂಡಿತು. ಆದುದರಿಂದ ಅದಕ್ಕೆ ಮುಂಚಿನ ಪ್ರತಿಗಳು ಹಳೆಯ ಸೇತುವೆಯ ರೂಪಕ್ಕೆ ಅಮೂಲ್ಯ ಸಾಕ್ಷ್ಯಗಳು. ಅದರ ಕೆಂಪಿನ ಛಾಯೆಗೆ ಈ ಮಾತು ಅನ್ವಯಿಸದು. ಕೆಂಪು ಮತ್ತು ಕಪ್ಪು ಎರಡೂ ಆ ಕಾಲದ ಫಲಕದಲ್ಲಿ ಗಾಢವಾಗಿಯೇ ಮೂಡುತ್ತಿದ್ದವು. ವರ್ಣಕಾರನಿಗೆ ಛಾಯಾಚಿತ್ರ ಬಣ್ಣದ ಸುಳಿವನ್ನು ಕೊಡುತ್ತಿರಲಿಲ್ಲ. ನೆನಪು, ರೂಢಿ, ಕೊಳ್ಳುವವರ ಅಭಿರುಚಿ ಇವೇ ಅವನ ಆಧಾರ. ಒಂದೇ ನೆಗೆಟಿವ್‌ನ ಎರಡು ಪ್ರತಿಗಳು ಬಣ್ಣದಲ್ಲಿ ಬೇರೆಯಾಗಲು ಇದೇ ಅವಕಾಶ. ಕುಂಚ ಇಲ್ಲಿ ಆವರಣವನ್ನು ಬಿಟ್ಟು ಕಟ್ಟಡದ ಮೈಯನ್ನೇ ಮುಟ್ಟಿದೆ. ಇಂಥ ಪ್ರತಿಯನ್ನು ಆಧರಿಸಿ ದೇಗುಲವೊಂದರ ಮೂಲವರ್ಣವನ್ನು ನಿರ್ಧರಿಸಿದರೆ, ಸಂರಕ್ಷಣೆಯ ಹೆಸರಿನಲ್ಲಿ ಯೋಕೊಹಾಮಾದ ಮಾರುಕಟ್ಟೆಯ ರುಚಿಯನ್ನು ಕಟ್ಟಡಕ್ಕೆ ಬಳಿದಂತಾಗುತ್ತದೆ.

ಹಾಗೆಂದು ಕೈಯ ಕೆಲಸವನ್ನು ಸುಳ್ಳೆಂದು ಕಡೆಗಣಿಸುವುದು ಸರಿಯಲ್ಲ. ತಿದ್ದದ ಛಾಯಾಚಿತ್ರವೂ ಪೂರ್ಣಸತ್ಯವಲ್ಲ. ನಿತ್ಯ ಪೂಜೆ, ಉತ್ಸವ, ಜನಸಂದಣಿಗಳಿಂದ ತುಂಬಿರುವ ಪ್ರಾಕಾರವು ಮಂದಗತಿಯ ಫಲಕದಲ್ಲಿ ನಿರ್ಜನವಾಗಿ ಕಾಣುತ್ತದೆ. ಆ ಶೂನ್ಯ ದೇವಾಲಯದ್ದಲ್ಲ, ಉಪಕರಣದ್ದು. ಅದನ್ನು ಕಂಡು ಜೀವಂತ ಕ್ಷೇತ್ರವನ್ನು ಪಾಳು ಸ್ಮಾರಕವೆಂದು ಭಾವಿಸುವುದು, ಬರೆದ ಮೋಡವನ್ನು ನಿಜವೆಂದು ನಂಬುವಷ್ಟೇ ದೊಡ್ಡ ತಪ್ಪು. ಜನರನ್ನು ಬರೆದು ಸೇರಿಸಿದ ಚಿತ್ರಕಾರನು ನಿರ್ದಿಷ್ಟ ವ್ಯಕ್ತಿಗಳ ವಿಷಯದಲ್ಲಿ ಕಲ್ಪನೆಯನ್ನು ಅವಲಂಬಿಸಿದ್ದರೂ, ಆ ಸ್ಥಳ ಜನವಿಹೀನವಲ್ಲವೆಂಬ ಸಂಗತಿಯನ್ನು ಮರಳಿ ತಂದನು.

ಈ ಹಿನ್ನೆಲೆಯಲ್ಲಿ ಗ್ರಂಥಾಲಯಗಳ ಸೂಚಿಗಳಲ್ಲಿ ಇಂಥ ಕೃತಿಗಳನ್ನು 'ಛಾಯಾಚಿತ್ರ' ಎಂಬ ಒಂದೇ ಪದದಿಂದ ಗುರುತಿಸಿದರೆ ಸಾಲದು. ಚಿತ್ರ ತೆಗೆದ ಕಾಲ, ಪ್ರತಿ ಸಿದ್ಧವಾದ ಕಾಲ, ಕೈ ಮುಟ್ಟಿದ ಭಾಗ ಇವನ್ನು ಬೇರೆಬೇರೆಯಾಗಿ ನಮೂದಿಸುವುದು ಅಗತ್ಯ. ಸಾಧ್ಯವಿದ್ದಲ್ಲಿ ನೆಗೆಟಿವ್ ಮತ್ತು ಪ್ರತಿಯನ್ನು, ಅದಿಲ್ಲದಾಗ ಒಂದೇ ಚಿತ್ರದ ಹಲವು ಪ್ರತಿಗಳನ್ನು ಎದುರುಬದುರಾಗಿಟ್ಟು ಪರಿಶೀಲಿಸಬೇಕು. ಆಗ ರಚನೆಗೆ ಮಸೂರವನ್ನೂ ಅಭಿರುಚಿಗೆ ಕುಂಚವನ್ನೂ ಪ್ರಮಾಣವಾಗಿ ಬಳಸಬಹುದು. ಒಂದರ ಸಾಕ್ಷ್ಯವನ್ನು ಇನ್ನೊಂದರ ಹೆಸರಿನಲ್ಲಿ ಉಲ್ಲೇಖಿಸುವ ಪ್ರಮಾದವೂ ತಪ್ಪುತ್ತದೆ.